ಗಮನಕ್ಕೆ ಇಂಗ್ಲಿಷಿನಲ್ಲಿ ಹತ್ತಾರು ಪದ: ಯಾವುದು ಎಲ್ಲಿಗೆ ಹೊಂದುತ್ತದೆ?

ಪ್ರಗತಿ ಪತ್ರದಲ್ಲಿ ಮಗುವಿನ ಬಗ್ಗೆ ಎರಡು ಸಾಲು ಇಂಗ್ಲಿಷಿನಲ್ಲಿ ಬರೆಯಬೇಕಾದ ಮೇಡಂ, ಕೆಲಸಕ್ಕೆ ರೆಸ್ಯೂಮೆ ಸಿದ್ಧಪಡಿಸುವ ಹುಡುಗ, ವಿದೇಶಕ್ಕೆ ಓದಲು ಹೊರಟವಳಿಗೆ ಶಿಫಾರಸು ಪತ್ರ ಬರೆದುಕೊಡುವ ಪ್ರಾಧ್ಯಾಪಕರು, ಕನ್ನಡ ಕತೆಯನ್ನು ಇಂಗ್ಲಿಷಿಗೆ ತರುತ್ತಿರುವ ಅನುವಾದಕಿ, ಇವರೆಲ್ಲ ತಡವರಿಸುವ ಒಂದು ಜಾಗವಿದೆ. ‘ಗಮನವಿಟ್ಟು’, ‘ಏಕಾಗ್ರತೆಯಿಂದ’ ಎನ್ನುವುದಕ್ಕೆ ನಿಘಂಟು ತೆರೆದರೆ ಅಟೆಂಟಿವ್, ಫೋಕಸ್ಡ್, ಇಂಟೆಂಟ್, ಅಬ್ಸಾರ್ಬ್ಡ್, ಎಂಗ್ರೋಸ್ಡ್, ರ್ಯಾಪ್ಟ್, ಅಲರ್ಟ್, ವಿಜಿಲೆಂಟ್, ಮೈಂಡ್‌ಫುಲ್, ಡಿಲಿಜೆಂಟ್, ಮೆಟಿಕ್ಯುಲಸ್ ಎಂದು ಸಾಲುಗಟ್ಟಿ ಬರುತ್ತವೆ. ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟಿರುತ್ತದೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ವಾಕ್ಯ ಕೆಡುತ್ತದೆ, ಕೆಲವೊಮ್ಮೆ ಹೊಗಳಿಕೆಯೇ ದೂರಿನ ಮಾತಾಗಿ ತಿರುಗುತ್ತದೆ.

ಅರ್ಥ ನೋಡಿ ಆರಿಸುವುದರಿಂದಲೇ ಈ ತೊಡಕು. ಅರ್ಥಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳಿವೆ. ಅವಕ್ಕೆ ಉತ್ತರ ಸಿಕ್ಕರೆ ಹತ್ತು ಪದಗಳಲ್ಲಿ ಎಂಟು ತಾವಾಗಿ ಪಕ್ಕಕ್ಕೆ ಸರಿಯುತ್ತವೆ.

ಮೊದಲು ಕೇಳಿಕೊಳ್ಳಬೇಕಾದದ್ದು

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಹಿಡಿದವರು ಯಾರು? ಮನುಷ್ಯ ತನ್ನ ಮನಸ್ಸನ್ನು ಕೆಲಸದ ಮೇಲೆ ಹಿಡಿದು ನಿಲ್ಲಿಸಿದ್ದಾನೆಯೇ, ಅಥವಾ ಕೆಲಸವೇ ಅವನನ್ನು ಹಿಡಿದುಕೊಂಡಿದೆಯೇ? ಪರೀಕ್ಷೆಯ ಹಿಂದಿನ ರಾತ್ರಿ ಇಷ್ಟವಿಲ್ಲದ ಪಾಠ ಓದುವವನದು ಮೊದಲ ಬಗೆ. ಕಾದಂಬರಿ ಕೈಗೆತ್ತಿಕೊಂಡು ಊಟ ಮರೆತವನದು ಎರಡನೆಯದು. ಕನ್ನಡದಲ್ಲೂ ಈ ಭೇದವಿದೆ: ಗಮನ ‘ಕೊಡುತ್ತೇವೆ’, ಆದರೆ ತಲ್ಲೀನ ‘ಆಗುತ್ತೇವೆ’. ಕಾನ್ಸಂಟ್ರೇಟ್, ಫೋಕಸ್, ಅಟೆಂಟಿವ್ ಕೊಡುವ ಕಡೆಯವು. ಅಬ್ಸಾರ್ಬ್ಡ್, ಎಂಗ್ರೋಸ್ಡ್, ರ್ಯಾಪ್ಟ್ ಆಗುವ ಕಡೆಯವು.

ಎರಡನೆಯದು: ಇದು ಈ ಹೊತ್ತಿನ ಸ್ಥಿತಿಯೋ, ವ್ಯಕ್ತಿಯ ಸ್ವಭಾವವೋ? ಪರೀಕ್ಷಿಸಲು ಸುಲಭದ ದಾರಿಯಿದೆ. ಪದವನ್ನು ‘ಸ್ಟೂಡೆಂಟ್’ ಎಂಬುದರ ಮುಂದೆ ಇಟ್ಟು ಓದಿ. ‘ಆ್ಯನ್ ಅಟೆಂಟಿವ್ ಸ್ಟೂಡೆಂಟ್’, ‘ಎ ಡಿಲಿಜೆಂಟ್ ಸ್ಟೂಡೆಂಟ್’ ಸರಾಗ. ‘ಆ್ಯನ್ ಎಂಗ್ರೋಸ್ಡ್ ಸ್ಟೂಡೆಂಟ್’ ಮುಗ್ಗರಿಸುತ್ತದೆ, ಏಕೆಂದರೆ ಎಂಗ್ರೋಸ್ಡ್ ಆಗಿರುವುದು ಒಂದು ಹೊತ್ತಿನ ಮಾತು, ವರ್ಷವಿಡೀ ಹೊತ್ತುಕೊಂಡು ತಿರುಗುವ ಗುಣವಲ್ಲ.

ಮೂರನೆಯದು, ಗಮನ ಯಾವುದರ ಕಡೆಗಿದೆ: ವ್ಯಕ್ತಿಯೋ, ಕೆಲಸವೋ, ಅಪಾಯವೋ, ಸಣ್ಣಪುಟ್ಟ ವಿವರವೋ? ನಾಲ್ಕನೆಯದು, ಪದದ ಬೆನ್ನಿಗೆ ಯಾವ ಪ್ರಿಪೊಸಿಷನ್ ಬರುತ್ತದೆ? ಕೊನೆಯದು, ಓದುವವರು ಯಾರು? ಹಳ್ಳಿಯ ತಾಯ್ತಂದೆಯರು ಓದುವ ಪ್ರಗತಿ ಪತ್ರಕ್ಕೂ ಅಮೆರಿಕದ ವಿಶ್ವವಿದ್ಯಾಲಯದ ಪ್ರವೇಶ ಸಮಿತಿ ಓದುವ ಪತ್ರಕ್ಕೂ ಒಂದೇ ಪದ ನಡೆಯಬೇಕೆಂದಿಲ್ಲ.

ಒಬ್ಬ ಗುಡಿಗಾರ, ಆರು ಪದ

ಸಾಗರದ ಗುಡಿಗಾರರೊಬ್ಬರು ಶ್ರೀಗಂಧದ ತುಂಡಿನ ಮೇಲೆ ಬಳ್ಳಿ ಕೆತ್ತುತ್ತಿದ್ದಾರೆ ಎನ್ನಿ. ಅವರ ಕಣ್ಣು ಉಳಿಯ ತುದಿಯನ್ನು ಬಿಟ್ಟು ಕದಲುವುದಿಲ್ಲ. ಅದನ್ನು ಹೇಳಲು ‘ಇಂಟೆಂಟ್ಲಿ’. ಬಾಗಿಲಲ್ಲಿ ಯಾರೋ ಬಂದು ನಿಂತದ್ದು ಅವರಿಗೆ ತಿಳಿಯಲೇ ಇಲ್ಲ. ಆ ಸ್ಥಿತಿ ‘ಅಬ್ಸಾರ್ಬ್ಡ್’. ಬಳ್ಳಿಯ ಒಂದೊಂದು ಎಲೆಯೂ ಒಂದೇ ಅಗಲ, ಒಂದೇ ಆಳ. ಆ ಕೆಲಸ ‘ಮೆಟಿಕ್ಯುಲಸ್’. ಮರದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡ ಕೂಡಲೇ ಕೈ ನಿಲ್ಲುತ್ತದೆ: ಬಿರುಕಿನ ಬಗ್ಗೆ ಅವರು ‘ಅಲರ್ಟ್’. ಗಿರಾಕಿ ಮೂರ್ತಿಯ ಮುಖ ಹೀಗಿರಲಿ ಎಂದು ಹೇಳುವಾಗ ಉಳಿ ಕೆಳಗಿಟ್ಟು ಕೇಳಿಸಿಕೊಳ್ಳುತ್ತಾರೆ, ಆಗ ‘ಅಟೆಂಟಿವ್’. ಹಿಡಿದ ಕೆಲಸವನ್ನು ಎಂದೂ ಅರ್ಧಕ್ಕೆ ಬಿಟ್ಟವರಲ್ಲ, ಆದ್ದರಿಂದ ‘ಡಿಲಿಜೆಂಟ್’.

ಮನುಷ್ಯ ಒಬ್ಬನೇ, ಕೆಲಸವೂ ಒಂದೇ. ನೀವು ಕಣ್ಣನ್ನು ನೋಡುತ್ತಿದ್ದೀರೋ, ಮನಸ್ಸನ್ನೋ, ಮುಗಿದ ಕೆಲಸವನ್ನೋ, ನಡತೆಯನ್ನೋ ಎಂಬುದರ ಮೇಲೆ ಪದ ನಿಲ್ಲುತ್ತದೆ. ನಿಘಂಟಿನಲ್ಲಿ ಸಮಾನಾರ್ಥಕ ಎಂದು ಅಚ್ಚಾದ ಪದಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ‘ಯಾವುದು ಹೆಚ್ಚು ಭಾರ’ ಎಂದು ನೋಡುವುದು ಹಾಗಾಗಿಯೇ ದಾರಿ ತಪ್ಪಿಸುತ್ತದೆ.

ನಮ್ಮ ವಿಭಕ್ತಿ ಪ್ರತ್ಯಯಗಳು ಎಳೆಯುವ ತಪ್ಪು ದಾರಿ

ಕನ್ನಡಿಗರ ಇಂಗ್ಲಿಷಿನಲ್ಲಿ ಈ ಪದಗಳ ಸುತ್ತ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಪ್ರಿಪೊಸಿಷನ್ನಿನವು. ಕಾರಣ ಸ್ಪಷ್ಟವಾಗಿದೆ. ‘ಓದಿನಲ್ಲಿ ಏಕಾಗ್ರತೆ’ ಎನ್ನುತ್ತೇವೆ. ಆ ‘ಅಲ್ಲಿ’ ಇಂಗ್ಲಿಷಿಗೆ ಹೋಗುವಾಗ ‘ಇನ್’ ಆಗಿ ‘ಕಾನ್ಸಂಟ್ರೇಟ್ ಇನ್ ಸ್ಟಡೀಸ್’ ಹುಟ್ಟುತ್ತದೆ. ‘ಓದಿನ ಕಡೆ ಗಮನ ಕೊಡು’ ಎಂಬುದರಲ್ಲಿನ ‘ಕಡೆ’ಯಿಂದ ‘ಗಿವ್ ಅಟೆನ್ಶನ್ ಟುವರ್ಡ್ಸ್ ಸ್ಟಡೀಸ್’ ಬರುತ್ತದೆ. ಸರಿಯಾದದ್ದು ‘ಕಾನ್ಸಂಟ್ರೇಟ್ ಆನ್’, ‘ಪೇ ಅಟೆನ್ಶನ್ ಟು’. ‘ಗಿವ್’ ಬಳಸಲೇಬೇಕೆಂದರೆ ನಡುವೆ ಒಂದು ವಿಶೇಷಣ ಇದ್ದರೆ ಹೆಚ್ಚು ಸಹಜ: ‘ಗಿವ್ ಇಟ್ ಯುವರ್ ಫುಲ್ ಅಟೆನ್ಶನ್’.

ನೆನಪಿಡಲು ಮೂರು ಗುಂಪು ಸಾಕು. ಮನಸ್ಸು ಗುರಿಯಿಟ್ಟು ಕೂರುವ ಪದಗಳಿಗೆ ‘ಆನ್’: ಕಾನ್ಸಂಟ್ರೇಟ್ ಆನ್, ಫೋಕಸ್ ಆನ್, ಇಂಟೆಂಟ್ ಆನ್. ಮನಸ್ಸು ಒಳಗಿಳಿದು ಮುಳುಗುವ ಪದಗಳಿಗೆ ‘ಇನ್’: ಅಬ್ಸಾರ್ಬ್ಡ್ ಇನ್, ಎಂಗ್ರೋಸ್ಡ್ ಇನ್, ಇಮರ್ಸ್ಡ್ ಇನ್. ಮನಸ್ಸು ಇನ್ನೊಬ್ಬರತ್ತ ಅಥವಾ ಬರಲಿರುವುದರತ್ತ ತಿರುಗಿ ನಿಲ್ಲುವ ಪದಗಳಿಗೆ ‘ಟು’: ಅಟೆಂಟಿವ್ ಟು, ಅಲರ್ಟ್ ಟು. ಇವುಗಳ ಹೊರಗುಳಿಯುವುದು ಮುಖ್ಯವಾಗಿ ಮೈಂಡ್‌ಫುಲ್, ಅದಕ್ಕೆ ‘ಆಫ್’. ಕನ್ನಡದ ‘ಅಲ್ಲಿ’ ನೇರವಾಗಿ ‘ಇನ್’ ಆಗಿ ಉಳಿಯುವುದು ಮುಳುಗುವ ಗುಂಪಿನಲ್ಲಿ ಮಾತ್ರ: ‘ಪುಸ್ತಕದಲ್ಲಿ ಮಗ್ನ’ ಎಂಬುದು ‘ಅಬ್ಸಾರ್ಬ್ಡ್ ಇನ್ ಎ ಬುಕ್’.

‘ಅಟೆಂಟಿವ್ ಇನ್ ಕ್ಲಾಸ್’ ಸರಿಯಲ್ಲವೇ ಎಂದು ಕೇಳಬಹುದು. ಸರಿಯೇ. ಅಲ್ಲಿ ಕ್ಲಾಸ್ ಎಂಬುದು ಸ್ಥಳ, ಗಮನದ ಗುರಿಯಲ್ಲ. ಗುರಿ ಹೇಳಬೇಕಾದರೆ ‘ಅಟೆಂಟಿವ್ ಟು ಹರ್ ಟೀಚರ್ಸ್’ ಎಂದೇ ಆಗಬೇಕು. ‘ಅಟೆಂಟಿವ್ ಇನ್ ಸ್ಟಡೀಸ್’ ಎಂಬುದರಲ್ಲಿ ಸ್ಟಡೀಸ್ ಸ್ಥಳವೂ ಅಲ್ಲ, ಸರಿಯಾದ ರೂಪದಲ್ಲಿ ಗುರಿಯೂ ಅಲ್ಲ.

ಮನಸ್ಸನ್ನು ಹಿಡಿದು ನಿಲ್ಲಿಸುವ ಪದಗಳು

ಅಟೆಂಟಿವ್ ಈ ಗುಂಪಿನಲ್ಲಿ ಅತ್ಯಂತ ಸುರಕ್ಷಿತ. ಲ್ಯಾಟಿನ್ ಮೂಲದಲ್ಲಿ ‘ಕಡೆಗೆ ಚಾಚು’ ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು, ಆ ಚಾಚುವಿಕೆ ಇಂದಿಗೂ ಅದರಲ್ಲಿ ಉಳಿದಿದೆ. ಎದುರಿಗೆ ಇನ್ನೊಬ್ಬರಿರುವಾಗ ಅದು ಚೆನ್ನಾಗಿ ಕೂರುತ್ತದೆ: ಪಾಠ ಕೇಳುವ ಮಗು, ರೋಗಿಯ ಮಾತು ಕೇಳುವ ನರ್ಸ್, ಅತಿಥಿಯ ತಟ್ಟೆ ಖಾಲಿಯಾಗುವ ಮೊದಲೇ ಗಮನಿಸುವ ಆತಿಥೇಯ. ಹೋಟೆಲಿನ ಬಗ್ಗೆ ‘ದ ಸ್ಟಾಫ್ ವರ್ ಅಟೆಂಟಿವ್’ ಎಂದರೆ ಅವರು ಕಿವಿಗೊಟ್ಟರು ಎನ್ನುವುದಕ್ಕಿಂತ ಬೇಕುಬೇಡ ನೋಡಿಕೊಂಡರು ಎಂದೇ ಹೆಚ್ಚು. ಒಬ್ಬಳೇ ಕೂತು ಗಣಿತ ಬಿಡಿಸುವ ಹುಡುಗಿಗೆ ಈ ಪದ ಅಷ್ಟು ಒಪ್ಪುವುದಿಲ್ಲ, ಅಲ್ಲಿ ಚಾಚಿಕೊಳ್ಳಲು ಎದುರಿಗೆ ಯಾರೂ ಇಲ್ಲ.

ಕಾನ್ಸಂಟ್ರೇಟ್ ಮತ್ತು ಫೋಕಸ್ ನಡುವೆ ಹಲವರಿಗೆ ಗೊಂದಲ. ಬಹಳಷ್ಟು ವಾಕ್ಯಗಳಲ್ಲಿ ಎರಡೂ ನಡೆಯುತ್ತವೆ. ನಡೆಯದ ಕಡೆ ಭೇದ ಹೀಗೆ: ಕಾನ್ಸಂಟ್ರೇಟ್‌ನಲ್ಲಿ ಶ್ರಮವಿದೆ, ಚದುರುತ್ತಿರುವುದನ್ನು ಒಂದೆಡೆ ಕೂಡಿಸುವ ಶ್ರಮ. ಮದುವೆ ಮನೆಯ ಮೈಕಿನ ಗಲಾಟೆಯ ನಡುವೆ ಓದಲಾಗುತ್ತಿಲ್ಲ ಎನ್ನಲು ‘ಐ ಕಾಂಟ್ ಕಾನ್ಸಂಟ್ರೇಟ್’. ಫೋಕಸ್‌ನಲ್ಲಿ ಆಯ್ಕೆಯಿದೆ: ಇದು, ಅದಲ್ಲ. ‘ಈ ವರ್ಷ ಸಂಸ್ಥೆ ಗ್ರಾಮೀಣ ಗ್ರಾಹಕರತ್ತ ಗಮನ ಹರಿಸಿದೆ’ ಎನ್ನಲು ‘ಫೋಕಸ್ ಆನ್’ ಸಹಜ. ಲ್ಯಾಟಿನ್ನಿನಲ್ಲಿ ಫೋಕಸ್ ಎಂದರೆ ಒಲೆ. 1604ರಲ್ಲಿ ಖಗೋಳಶಾಸ್ತ್ರಜ್ಞ ಕೆಪ್ಲರ್ ಅದನ್ನು ಬೆಳಕಿನ ಶಾಸ್ತ್ರದ ಗ್ರಂಥದಲ್ಲಿ ನಾಭಿಬಿಂದುವಿಗೆ ಬಳಸಿದ. ಮಸೂರವನ್ನು ಎತ್ತ ತಿರುಗಿಸುತ್ತೇವೆ ಎಂಬ ಆಯ್ಕೆಯ ಅರ್ಥ ಆ ದಾರಿಯಿಂದಲೇ ಬಂದದ್ದು.

ಕಾನ್ಸಂಟ್ರೇಟ್‌ನಲ್ಲಿ ಎರಡು ಹೊಂಡಗಳಿವೆ. ಮೊದಲನೆಯದು, ‘ಕಾನ್ಸಂಟ್ರೇಟೆಡ್’ ಎಂಬ ರೂಪವನ್ನು ಮನುಷ್ಯರಿಗೆ ಅಂಟಿಸುವುದು. ‘ಹಿ ಈಸ್ ವೆರಿ ಕಾನ್ಸಂಟ್ರೇಟೆಡ್’ ಎಂದರೆ ಇಂಗ್ಲಿಷ್ ಕಿವಿಗೆ ನೀರು ಬೆರೆಸದ ಹಣ್ಣಿನ ರಸವೋ ಆಮ್ಲವೋ ನೆನಪಾಗುತ್ತದೆ. ಮನುಷ್ಯನಿಗೆ ಕ್ರಿಯಾಪದವೇ ಬೇಕು: ‘ಹಿ ಕಾನ್ಸಂಟ್ರೇಟ್ಸ್ ವೆಲ್’. ಶ್ರಮಕ್ಕೆ ಮಾತ್ರ ವಿಶೇಷಣ ಹೊಂದುತ್ತದೆ, ‘ಎ ಕಾನ್ಸಂಟ್ರೇಟೆಡ್ ಎಫರ್ಟ್’. ಎರಡನೆಯದು, ಮುಂದೆ ಕ್ರಿಯೆ ಬಂದರೆ ‘ಟು ಫಿನಿಶ್’ ಎನ್ನದೆ ‘ಆನ್ ಫಿನಿಶಿಂಗ್’ ಎನ್ನಬೇಕು. ಫೋಕಸ್ಡ್‌ಗೆ ವಿಶೇಷಣವಾಗಿ ಯಾವ ಅಡ್ಡಿಯೂ ಇಲ್ಲ, ಕ್ಷಣಕ್ಕೂ ಸ್ವಭಾವಕ್ಕೂ ನಡೆಯುತ್ತದೆ. ಸ್ಪೆಲ್ಲಿಂಗ್‌ನಲ್ಲಿ ಒಂದು ಎಸ್ ಇದ್ದರೆ ಎಲ್ಲ ಕಡೆಯೂ ಸರಿ. ಎರಡು ಎಸ್ ಬ್ರಿಟಿಷ್ ಬಳಕೆಯಲ್ಲಿ ಒಪ್ಪಿತ, ಅಮೆರಿಕಕ್ಕೆ ಕಳಿಸುವ ಪತ್ರದಲ್ಲಿ ಬೇಡ.

ಇಂಟೆಂಟ್ ಚೆಂದದ ಪದ, ಆದರೆ ವಿಶೇಷಣವಾಗಿ ಅಪಾಯಕಾರಿ. ‘ಇಂಟೆಂಟ್ ಆನ್’ ಎಂದರೆ ಗಮನವಿಟ್ಟ ಎಂದೂ ಆಗುತ್ತದೆ, ಮಾಡಿಯೇ ತೀರುವ ಹಟ ಎಂದೂ ಆಗುತ್ತದೆ. ಎರಡನೆಯ ಅರ್ಥ ಜಗಳ, ಸೇಡು, ನಾಶದ ಸುದ್ದಿಗಳಲ್ಲಿ ಹೆಚ್ಚು ಓಡಾಡುತ್ತದೆ. ‘ಇಂಟೆಂಟ್ಲಿ’ ಎಂಬ ರೂಪ ಮಾತ್ರ ಪೂರಾ ನಿರಪಾಯ: ನೋಡು, ಕೇಳು, ದಿಟ್ಟಿಸು ಎಂಬ ಕ್ರಿಯಾಪದಗಳ ಜತೆ ಇಡಿ. ಅದರ ಅಕ್ಕಪಕ್ಕದ ಎರಡು ಪದಗಳೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ‘ಇಂಟೆನ್ಸ್ಲಿ’ ಎಂದರೆ ತೀವ್ರ ಭಾವದಿಂದ, ‘ಇಂಟೆನ್ಷನಲಿ’ ಎಂದರೆ ಬೇಕೆಂದೇ. ‘ಶಿ ಲುಕ್ಡ್ ಅಟ್ ಹಿಮ್’ ಎಂಬುದರ ಮುಂದೆ ಈ ಮೂರನ್ನೂ ಇಟ್ಟು ನೋಡಿ, ಮೂರು ಬೇರೆ ಬೇರೆ ಕತೆಗಳಾಗುತ್ತವೆ.

ಸಿಂಗಲ್‌ಮೈಂಡೆಡ್ ಎಂಬುದು ವರ್ಷಗಟ್ಟಲೆ ಒಂದೇ ಗುರಿ ಹಿಡಿದವರಿಗೆ. ಹೊಗಳಿಕೆಯೇ, ಆದರೆ ಉಳಿದದ್ದನ್ನು ಬದಿಗೊತ್ತಿದ ಎಂಬ ನೆರಳೂ ಅದರ ಜತೆಗಿದೆ. ಶಿಫಾರಸು ಪತ್ರದಲ್ಲಿ ಬಳಸುವುದಾದರೆ ಆ ಗುರಿ ಏನೆಂದು ಅದೇ ವಾಕ್ಯದಲ್ಲಿ ಹೇಳಿಬಿಡುವುದು ಒಳ್ಳೆಯದು.

ಮನಸ್ಸು ಮುಳುಗುವ ಪದಗಳು

ಅಬ್ಸಾರ್ಬ್ಡ್ ಮತ್ತು ಎಂಗ್ರೋಸ್ಡ್ ಎರಡಕ್ಕೂ ‘ತಲ್ಲೀನ’ ಸಮೀಪದ ಪದ. ಅಬ್ಸಾರ್ಬ್ಡ್ ಎಂದರೆ ಹೀರಲ್ಪಟ್ಟ ಸ್ಥಿತಿ. ಯೋಚನೆಗೂ ಕೆಲಸಕ್ಕೂ ಆಟಕ್ಕೂ ನಡೆಯುತ್ತದೆ, ಸದ್ದಿಲ್ಲದ ಪದ. ಎಂಗ್ರೋಸ್ಡ್‌ಗೆ ಸ್ವಲ್ಪ ಹೆಚ್ಚಿನ ಹಿಡಿತ. ಅದರ ಇತಿಹಾಸ ಅಂಗಡಿಯದು: ಹಳೆಯ ಫ್ರೆಂಚ್‌ನಲ್ಲಿ ಸಗಟು ಎಂಬ ಅರ್ಥದ ಮಾತಿನಿಂದ ಬಂದು, ಮೊದಲು ಸರಕನ್ನು ಸಾರಾಸಗಟಾಗಿ ಕೊಂಡುಬಿಡುವುದಕ್ಕೆ ಬಳಕೆಯಾಗುತ್ತಿತ್ತು. ಗ್ರೋಸರ್ ಅದೇ ಬೇರಿನ ಪದ. ಮನಸ್ಸನ್ನು ಇಡಿಯಾಗಿ ಕೊಂಡುಬಿಡುವ ಕತೆ, ಮಾತುಕತೆ, ಪಂದ್ಯ ಇವಕ್ಕೆ ಎಂಗ್ರೋಸ್ಡ್ ಹೊಂದುವುದು ಅದರಿಂದಲೇ. ಬೇಸರದ ಲೆಕ್ಕಪತ್ರ ತಪಾಸಣೆಯಲ್ಲಿ ಒಬ್ಬ ‘ಎಂಗ್ರೋಸ್ಡ್’ ಎಂದು ಬರೆದರೆ ಅವನಿಗೆ ಅದು ರುಚಿಸುತ್ತಿದೆ ಎಂದೇ ಓದುಗರು ತಿಳಿಯುತ್ತಾರೆ.

ಎರಡೂ ಪದಗಳಲ್ಲಿ ಒಂದು ಬೆಲೆ ತೆರಬೇಕು. ಮುಳುಗಿದವರಿಗೆ ಸುತ್ತಲಿನದು ತಿಳಿಯುವುದಿಲ್ಲ ಎಂಬ ಸೂಚನೆ ಒಳಗೇ ಇದೆ. ಬಸ್ ಚಾಲಕನನ್ನು ಹೊಗಳಲು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರನ್ನು ಹೊಗಳಲು ‘ಅಬ್ಸಾರ್ಬ್ಡ್’ ಬಳಸಬಾರದು. ‘ಸೆಲ್ಫ್’ ಎಂಬುದು ಮುಂದೆ ಸೇರಿತೆಂದರೆ ಪೂರಾ ದೂರು: ‘ಸೆಲ್ಫ್ ಅಬ್ಸಾರ್ಬ್ಡ್’ ಎಂದರೆ ತನ್ನದೇ ಲೋಕದಲ್ಲಿ ಇರುವ ಸ್ವಾರ್ಥಿ.

ಪ್ರಿಆಕ್ಯುಪೈಡ್ ಈ ಗುಂಪಿನ ಪಕ್ಕದಲ್ಲೇ ನಿಂತಿದೆ, ಹಾಗೆಂದು ಗುಂಪಿಗೆ ಸೇರಿದ್ದಲ್ಲ. ಅದು ಬೇರೆ ಚಿಂತೆ ತಲೆಯಲ್ಲಿ ತುಂಬಿ ಕೈಯಲ್ಲಿನ ಕೆಲಸ ತಪ್ಪಿಹೋದವನ ಸ್ಥಿತಿ. ಪ್ರಿಪೊಸಿಷನ್ ‘ವಿತ್’. ಮಗನ ಮದುವೆ ಖರ್ಚಿನ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಕಚೇರಿ ಸಭೆಯಲ್ಲಿ ಕೂತವನು ‘ಪ್ರಿಆಕ್ಯುಪೈಡ್’, ನಮ್ಮ ‘ಅನ್ಯಮನಸ್ಕ’ ಇದಕ್ಕೆ ಹತ್ತಿರ.

ರ್ಯಾಪ್ಟ್ ಎಂಬುದಕ್ಕೆ ಬಳಕೆ ಕಿರಿದು. ‘ರ್ಯಾಪ್ಟ್ ಅಟೆನ್ಶನ್’, ‘ಎ ರ್ಯಾಪ್ಟ್ ಆಡಿಯನ್ಸ್’, ‘ರ್ಯಾಪ್ಟ್ ಸೈಲೆನ್ಸ್’ ಮುಂತಾದ ಕೆಲವೇ ಜೋಡಿಗಳಲ್ಲಿ ಜೀವಿಸುತ್ತದೆ. ಯಕ್ಷಗಾನದ ಬೆಳಗಿನ ಜಾವದ ಪ್ರಸಂಗದಲ್ಲಿ ಇನ್ನೂ ಮೈಮರೆತು ಕೂತ ಸಭೆಗೆ ಇದಕ್ಕಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ. ಕನ್ನಡ ಲಿಪಿಯಲ್ಲಿ ಒಂದೇ ತೆರ ಕಾಣುವ ಇನ್ನೊಂದು ‘ರ್ಯಾಪ್ಡ್’ ಇದೆ, ಡಬ್ಲ್ಯುನಿಂದ ಶುರುವಾಗುವ, ಸುತ್ತಿದ ಎಂಬ ಅರ್ಥದ್ದು. ಇಂಗ್ಲಿಷಿನಲ್ಲೂ ಉಚ್ಚಾರ ಒಂದೇ, ಆದ್ದರಿಂದ ಸ್ಪೆಲ್‌ಚೆಕ್ ಇದನ್ನು ಹಿಡಿಯದೇ ಹೋಗಬಹುದು. ಗಮನದ ರ್ಯಾಪ್ಟ್ ನಾಲ್ಕೇ ಅಕ್ಷರ: ಆರ್, ಎ, ಪಿ, ಟಿ.

ಕಾವಲಿನ ಪದಗಳು

ಅಲರ್ಟ್ ಎಂದರೆ ಎಚ್ಚರವಾಗಿದ್ದು ತಟ್ಟನೆ ಸ್ಪಂದಿಸಲು ಸಿದ್ಧ. ಇಟಾಲಿಯನ್‌ನಲ್ಲಿ ಎತ್ತರದ ಜಾಗದಲ್ಲಿ ಕಾವಲು ನಿಂತವರ ಮಾತಿನಿಂದ ಬಂದದ್ದು. ಆಸ್ಪತ್ರೆಗಳಲ್ಲಿ ರೋಗಿಯ ಪ್ರಜ್ಞೆಯನ್ನು ತಟ್ಟನೆ ಅಳೆಯುವ ಎವಿಪಿಯು ಕ್ರಮದಲ್ಲಿ ಮೊದಲ ಅಕ್ಷರವೇ ಅಲರ್ಟ್‌ನದು. ಅಲ್ಲಿ ಅದಕ್ಕೆ ‘ಎಚ್ಚರವಾಗಿದ್ದಾರೆ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಮಗುವಿನ ಬಗ್ಗೆ ‘ಅಲರ್ಟ್’ ಎಂದರೆ ಚುರುಕು ಎಂದಾಗುತ್ತದೆ. ಅದರಿಂದ ಮಗು ಒಂದೇ ಕೆಲಸದಲ್ಲಿ ಬಹಳ ಹೊತ್ತು ಕೂರಬಲ್ಲದು ಎಂಬ ಭರವಸೆ ಸಿಗುವುದಿಲ್ಲ. ಎಷ್ಟೋ ಚುರುಕಾದ ಮಕ್ಕಳು ಐದು ನಿಮಿಷ ಒಂದು ಕಡೆ ಕೂರುವುದಿಲ್ಲ.

ವಿಜಿಲೆಂಟ್‌ನಲ್ಲಿ ಎರಡು ಅಂಶ ಸೇರುತ್ತವೆ: ದೀರ್ಘ ಕಾಲ, ಮತ್ತು ಏನೋ ಕೆಟ್ಟದ್ದು ಘಟಿಸಬಹುದೆಂಬ ನಿರೀಕ್ಷೆ. ಎರಡನೆಯ ಮಹಾಯುದ್ಧದ ರೇಡಾರ್ ಕಾವಲುಗಾರರ ಸಮಸ್ಯೆಯಿಂದ ಹೊರಟು ಮನಶ್ಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ ಗಡಿಯಾರದ ಮುಳ್ಳಿನ ಪ್ರಯೋಗ ನಡೆಸಿ 1948ರಲ್ಲಿ ಪ್ರಕಟಿಸಿದ. ಎರಡು ಗಂಟೆ ಮುಳ್ಳನ್ನೇ ನೋಡುತ್ತ ಕೂತವರು ಮೊದಲ ಅರ್ಧ ಗಂಟೆ ದಾಟುತ್ತಲೇ ಹೆಚ್ಚು ಸಂಕೇತಗಳನ್ನು ತಪ್ಪಿಸಿಕೊಳ್ಳತೊಡಗಿದರು. ಮನಶ್ಶಾಸ್ತ್ರದಲ್ಲಿ ‘ವಿಜಿಲೆನ್ಸ್’ ಎಂದರೆ ಇಂದಿಗೂ ಆ ಬಗೆಯ ಸುದೀರ್ಘ ಕಾವಲು. ಭಾರತದಲ್ಲಿ ಪದಕ್ಕೆ ಇನ್ನೊಂದು ಬಣ್ಣವೂ ಇದೆ. 1964ರಲ್ಲಿ ಕೇಂದ್ರ ಜಾಗೃತ ಆಯೋಗ ರಚನೆಯಾದ ಮೇಲೆ ‘ವಿಜಿಲೆನ್ಸ್’ ಎಂದರೆ ಲಂಚ, ಅಕ್ರಮಗಳ ತಪಾಸಣೆ ಎಂದೇ ಕಚೇರಿಗಳಲ್ಲಿ ಅರ್ಥ. ‘ವಿಜಿಲೆನ್ಸ್‌ನವರು ಬಂದಿದ್ದಾರೆ’ ಎಂದರೆ ಸಾಕು, ಇನ್ನೇನೂ ವಿವರಿಸಬೇಕಿಲ್ಲ. ‘ಎ ವಿಜಿಲೆಂಟ್ ಸ್ಟೂಡೆಂಟ್’ ಎಂದು ಬರೆದರೆ ತರಗತಿಯಲ್ಲಿ ಯಾರು ಏನು ತಪ್ಪು ಮಾಡುತ್ತಾರೆಂದು ಕಾಯುವ ಹುಡುಗನ ಚಿತ್ರ ಮೂಡುತ್ತದೆ. ಭದ್ರತಾ ಸಿಬ್ಬಂದಿ, ತೀವ್ರ ನಿಗಾ ಘಟಕದ ನರ್ಸ್, ಬ್ಯಾಂಕಿನ ವಂಚನೆ ಪತ್ತೆ ವಿಭಾಗ ಇವರಿಗೆ ಅದನ್ನು ಮೀಸಲಿಡಿ.

ಅಬ್ಸರ್ವೆಂಟ್ ಕಾವಲಿಗಿಂತ ಹಗುರ: ಬೇರೆಯವರಿಗೆ ಕಾಣದ್ದು ಕಾಣುವವರು. ಆರು ವರ್ಷದ ಮಗುವಿನ ಪ್ರಗತಿ ಪತ್ರಕ್ಕೂ ಪತ್ರಕರ್ತರ ಪರಿಚಯಕ್ಕೂ ಒಂದೇ ಸಮ ಒಪ್ಪುತ್ತದೆ.

ಕೆಲಸದ ಮೇಲೆ ಕಾಣುವ ಗಮನ

ರೆಸ್ಯೂಮೆ ಬರೆಯುವವರಿಗೆ ಹೆಚ್ಚು ಬೇಕಾಗುವುದು ಈ ಗುಂಪು. ಡಿಲಿಜೆಂಟ್ ಎಂದರೆ ಶ್ರದ್ಧೆಯಿಂದ ಬಿಡದೆ ದುಡಿಯುವವರು. ಲ್ಯಾಟಿನ್ ಮೂಲದಲ್ಲಿ ಅದು ಪ್ರೀತಿಸುವ, ಬೆಲೆಕೊಡುವ ಅರ್ಥದ್ದು. ಕಾನ್ಶಿಯೆನ್ಶಸ್ ಎಂದರೆ ಮೇಲ್ವಿಚಾರಕ ಇಲ್ಲದಾಗಲೂ ಕರ್ತವ್ಯವೆಂದು ಸರಿಯಾಗಿ ಮಾಡುವವರು, ನಮ್ಮ ‘ಆತ್ಮಸಾಕ್ಷಿಗೆ ಅನುಗುಣವಾಗಿ’ ಎನ್ನುವ ಬಗೆ. ಇದನ್ನು ‘ಕಾನ್ಷಸ್’ ಎಂದು ತಪ್ಪಿ ಬರೆಯುವುದು ಬಹಳ ಸಾಮಾನ್ಯ. ಆಗ ಅಭ್ಯರ್ಥಿ ತನಗೆ ಪ್ರಜ್ಞೆ ಇದೆ ಎಂದಷ್ಟೇ ಹೇಳಿದಂತಾಗುತ್ತದೆ. ಮೆಟಿಕ್ಯುಲಸ್ ಎಂದರೆ ಸೂಕ್ಷ್ಮ ವಿವರವೂ ತಪ್ಪದಂತೆ ಮಾಡುವವರು. ಅದರ ಬೇರು ಲ್ಯಾಟಿನ್ನಿನ ‘ಭಯ’. ಇಂಗ್ಲಿಷಿಗೆ ಬಂದಾಗಲೂ ಮೊದಲು ಅಂಜುಬುರುಕ ಎಂಬ ಅರ್ಥವೇ ಇತ್ತು. ಇಂದು ಅದು ಹೊಗಳಿಕೆ. ಆದರೂ ವೇಗವೇ ಮುಖ್ಯವಾದ ಹುದ್ದೆಗೆ ಅರ್ಜಿ ಹಾಕುವಾಗ ಒಂಟಿಯಾಗಿ ಅದನ್ನೇ ಇಟ್ಟರೆ ನಿಧಾನ ಎಂಬ ಅನುಮಾನ ಬರಬಹುದು.

‘ಮೆಟಿಕ್ಯುಲಸ್ ಅಟೆನ್ಶನ್ ಟು ಡೀಟೇಲ್’ ಎಂಬುದನ್ನು ರೆಸ್ಯೂಮೆಗಳಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಮೆಟಿಕ್ಯುಲಸ್ ಎಂದರೇನೇ ವಿವರಕ್ಕೆ ಗಮನ, ಮತ್ತೆ ಅದನ್ನೇ ಮೂರು ಪದದಲ್ಲಿ ಹೇಳುವ ಅಗತ್ಯವಿಲ್ಲ. ವಿಶೇಷಣವನ್ನೇ ಕೈಬಿಟ್ಟು ಮಾಡಿದ ಕೆಲಸ ಬರೆದರೆ ಇನ್ನೂ ಬಲ. ತಿಂಗಳ ವೇತನ ಪಟ್ಟಿ ಪಾವತಿಗೆ ಹೋಗುವ ಮೊದಲು ಪ್ರತಿ ಸಾಲನ್ನೂ ಹಾಜರಿಯ ದಾಖಲೆಯೊಂದಿಗೆ ತಾಳೆ ನೋಡುತ್ತಿದ್ದೆ ಎಂಬ ಒಂದು ಸಾಲು, ಮೂರು ವಿಶೇಷಣಗಳಿಗಿಂತ ಹೆಚ್ಚು ಹೇಳುತ್ತದೆ.

ಸಿನ್ಸಿಯರ್ ಬಗ್ಗೆ ಇಲ್ಲೇ ಹೇಳಬೇಕು. ನಮ್ಮ ಶಾಲೆಗಳಲ್ಲಿ ‘ಸಿನ್ಸಿಯರ್ ಸ್ಟೂಡೆಂಟ್’ ಎಂದರೆ ಗಮನವಿಟ್ಟು ಓದುವ, ಮನೆಗೆಲಸ ತಪ್ಪಿಸದ ಹುಡುಗ. ಭಾರತದೊಳಗೆ ಓದುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ತಪ್ಪೇನಿಲ್ಲ. ಬ್ರಿಟನ್, ಅಮೆರಿಕಗಳ ಓದುಗರಿಗೆ ಮಾತ್ರ ಸಿನ್ಸಿಯರ್ ಎಂದರೆ ನಟನೆಯಿಲ್ಲದ, ಮನಸ್ಸಿನಲ್ಲಿದ್ದುದನ್ನೇ ಆಡುವ ವ್ಯಕ್ತಿ. ಓದಿನ ಬಗ್ಗೆ ಅದು ಅವರಿಗೆ ಏನನ್ನೂ ತಿಳಿಸುವುದಿಲ್ಲ. ಅಲ್ಲಿಗೆ ಹೋಗುವ ಪತ್ರದಲ್ಲಿ ಅದರ ಜಾಗಕ್ಕೆ ‘ಕಾನ್ಶಿಯೆನ್ಶಸ್’ ಬರಲಿ.

ಮೈಂಡ್‌ಫುಲ್ ಕಳೆದ ಕೆಲವು ದಶಕಗಳಲ್ಲಿ ತುಂಬ ಓಡಾಡಿದ ಪದ. 1881ರಲ್ಲಿ ವಿದ್ವಾಂಸ ರೈಸ್ ಡೇವಿಡ್ಸ್ ಬೌದ್ಧ ಗ್ರಂಥಗಳ ಪಾಲಿ ಭಾಷೆಯ ‘ಸತಿ’ಗೆ (ಸಂಸ್ಕೃತದ ‘ಸ್ಮೃತಿ’) ಮೈಂಡ್‌ಫುಲ್‌ನೆಸ್ ಎಂದು ಇಂಗ್ಲಿಷ್ ಕೊಟ್ಟ. 1979ರಲ್ಲಿ ಜಾನ್ ಕಬಾಟ್ ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಒತ್ತಡ ಇಳಿಸುವ ತರಬೇತಿಗೆ ಅದನ್ನು ತಂದ. ಹಾಗಾಗಿ ಇಂದು ‘ಮೈಂಡ್‌ಫುಲ್’ ಎಂದರೆ ಧ್ಯಾನದ ನೆರಳು ತಪ್ಪಿದ್ದಲ್ಲ. ಹಳೆಯ ಸಾದಾ ಅರ್ಥ ಬೇಕಿದ್ದರೆ ‘ಮೈಂಡ್‌ಫುಲ್ ಆಫ್’ ಎಂದು ಬಳಸಿ: ಖರ್ಚಿನ ಮಿತಿ ಮನಸ್ಸಿನಲ್ಲಿಟ್ಟು, ನೆರೆಹೊರೆಯವರ ನಿದ್ದೆ ಮನಸ್ಸಿನಲ್ಲಿಟ್ಟು. ಏಕಾಗ್ರತೆಗೆ ಇದು ಬದಲಿಯಲ್ಲ.

ಯಾರಿಗೆ ಎಷ್ಟು ಪದ ಸಾಕು

ಹೊಸ ಪದಗಳಿಗೆ ಕೊಡಲು ಸಮಯ ಕಡಿಮೆ ಇರುವವರಿಗೆ ಮೂರು ಸಾಕು: ಅಟೆಂಟಿವ್ ಟು, ಫೋಕಸ್ ಆನ್, ಅಬ್ಸಾರ್ಬ್ಡ್ ಇನ್. ಒಂದು ಜನರತ್ತ, ಒಂದು ಗುರಿಯತ್ತ, ಒಂದು ಮುಳುಗಲು. ಮೂರಕ್ಕೂ ಮೂರು ಬೇರೆ ಪ್ರಿಪೊಸಿಷನ್ ಇರುವುದರಿಂದ ಒಂದರ ಬದಲು ಒಂದು ಬೆರೆಯುವುದೂ ಕಡಿಮೆ.

ಶಾಲೆಯ ಪ್ರಗತಿ ಪತ್ರಕ್ಕೆ ಸರಳ ಪದಗಳೇ ಒಳ್ಳೆಯವು. ತಾಯ್ತಂದೆಯರು ಓದಿ, ಬೇಕಿದ್ದರೆ ಮನೆಯಲ್ಲಿ ಯಾರನ್ನಾದರೂ ಕೇಳಿ ತಿಳಿದುಕೊಳ್ಳುವಂತಿರಬೇಕು. ‘ಲಿಸನ್ಸ್ ಅಟೆಂಟಿವ್ಲಿ’, ‘ಕಾನ್ಸಂಟ್ರೇಟ್ಸ್ ವೆಲ್’, ‘ಅಬ್ಸರ್ವೆಂಟ್’ ಇವಿಷ್ಟರಲ್ಲೇ ಬಹುಪಾಲು ಮಕ್ಕಳ ಮಾತು ಮುಗಿಯುತ್ತದೆ. ಕೊರತೆ ಬರೆಯುವಾಗ ಇನ್ನಷ್ಟು ಜೋಪಾನ ಬೇಕು. ‘ಇನ್‌ಅಟೆಂಟಿವ್’ ಎಂಬುದು ಗಮನ ನಿಲ್ಲದಿರುವ ತೊಂದರೆಯಾದ ಎಡಿಎಚ್‌ಡಿಯನ್ನು ಗುರುತಿಸುವ ವೈದ್ಯಕೀಯ ಭಾಷೆಯ ಪದವೂ ಹೌದು. ಶಿಕ್ಷಕರು ತಪಾಸಣೆ ಮಾಡುವವರಲ್ಲ. ಆದ್ದರಿಂದ ಹಣೆಪಟ್ಟಿ ಬಿಟ್ಟು ಕಂಡದ್ದನ್ನು ಬರೆಯಬೇಕು: ದೀರ್ಘ ಪಾಠದಲ್ಲಿ ಹತ್ತು ನಿಮಿಷದ ಮೇಲೆ ಗಮನ ಚದುರುತ್ತದೆ, ಚಿಕ್ಕ ಚಿಕ್ಕ ಕೆಲಸ ಕೊಟ್ಟರೆ ಪೂರ್ತಿ ಮಾಡುತ್ತಾಳೆ. ‘ಅಬ್ಸೆಂಟ್‌ಮೈಂಡೆಡ್’ ಮರೆವಿನ ಮಾತು, ‘ಡಿಸ್ಟ್ರ್ಯಾಕ್ಟೆಡ್’ ಹೊರಗಿನದೇನೋ ಎಳೆದ ಮಾತು. ಇವೆರಡನ್ನೂ ಒಂದೇ ಎಂದು ಬಳಸಿದರೆ ಮಗುವಿಗೆ ಅನ್ಯಾಯವಾಗುತ್ತದೆ.

ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಯಾದ ಐಇಎಲ್‌ಟಿಎಸ್ ಬರೆಯುವವರಿಗೆ ಲೆಕ್ಕ ಬೇರೆ. ಬರವಣಿಗೆಯ ನಾಲ್ಕು ಮಾನದಂಡಗಳಲ್ಲಿ ಪದಸಂಪತ್ತು ಒಂದು, ಅಂಕದಲ್ಲಿ ಅದರ ಪಾಲು ಕಾಲು ಭಾಗ. ಅಪರೂಪದ ಪದವನ್ನು ತಪ್ಪು ಜೋಡಿಯಲ್ಲಿ ಇಟ್ಟರೆ ಲಾಭವಿಲ್ಲ, ಪರೀಕ್ಷಕರು ನೋಡುವುದು ಜೋಡಣೆಯನ್ನೂ ಹೌದು. ‘ಅನ್‌ಡಿವೈಡೆಡ್ ಅಟೆನ್ಶನ್’, ‘ಅಟೆನ್ಶನ್ ಸ್ಪ್ಯಾನ್’, ‘ಸಸ್ಟೇನ್ಡ್ ಕಾನ್ಸಂಟ್ರೇಷನ್’ ಎಂಬ ಸಿದ್ಧ ಜೋಡಿಗಳನ್ನು ಇಡಿಯಾಗಿ ಕಲಿತರೆ, ‘ಹೀಡ್‌ಫುಲ್’ನಂಥ ಒಂಟಿ ಪದ ಕಲಿಯುವುದಕ್ಕಿಂತ ಹೆಚ್ಚು ಉಪಯೋಗ. ಜೋಡಿ ಸರಿಯೇ ಎಂಬ ಅನುಮಾನ ಬಂದಾಗ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟಿನ ಉದಾಹರಣೆ ವಾಕ್ಯಗಳನ್ನು ನೋಡಿ. ಇಂಗ್ಲಿಷ್–ಕನ್ನಡ ನಿಘಂಟು ಅರ್ಥ ಹೇಳಿ ನಿಲ್ಲುತ್ತದೆ, ಪ್ರಿಪೊಸಿಷನ್ ತೋರಿಸುವುದು ಅಪರೂಪ.

ಅನುವಾದಕರಿಗೆ ಮಾತ್ರ ಇಡೀ ಸಾಲೂ ಬೇಕು, ಅದೂ ಸಾಲದೆ ಹೋಗುವ ಸಂದರ್ಭಗಳಿವೆ. ಅಷ್ಟಾವಧಾನವನ್ನೇ ನೋಡಿ. ಶತಾವಧಾನಿ ಆರ್. ಗಣೇಶ್ ಅವರಿಂದ ಕನ್ನಡದಲ್ಲಿ ಮತ್ತೆ ಕಳೆಗಟ್ಟಿದ ಈ ಕಲೆಯಲ್ಲಿ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಒಬ್ಬನೇ ಅವಧಾನಿಯನ್ನು ಸರದಿಯಂತೆ ಕೇಳುತ್ತಾರೆ. ನಿಷೇಧಾಕ್ಷರಿಯವರು ಅಕ್ಷರ ಅಕ್ಷರಕ್ಕೂ ತಡೆ ಒಡ್ಡುತ್ತಾರೆ, ಸಮಸ್ಯೆಯವರು ಕೊನೆಯ ಸಾಲು ಕೊಟ್ಟು ಉಳಿದದ್ದನ್ನು ಕೇಳುತ್ತಾರೆ, ದತ್ತಪದಿಯವರು ಪದಗಳನ್ನು ಕೊಟ್ಟು ಪದ್ಯಕ್ಕೆ ಹೊಸೆಯಲು ಹೇಳುತ್ತಾರೆ, ಅಪ್ರಸ್ತುತ ಪ್ರಸಂಗದವರು ನಡುನಡುವೆ ಸಂಬಂಧವಿಲ್ಲದ್ದು ಕೇಳಿ ಗಮನ ಕೆಡಿಸಲೆಂದೇ ಕೂತಿರುತ್ತಾರೆ. ಅವಧಾನಿಯನ್ನು ‘ಅಬ್ಸಾರ್ಬ್ಡ್’ ಎಂದರೆ ಪೂರಾ ತಪ್ಪು, ಒಂದರಲ್ಲಿ ಮುಳುಗಿದರೆ ಉಳಿದ ಏಳು ಹೋದವು. ‘ಫೋಕಸ್ಡ್’ ಎಂದರೆ ಗುರಿ ಒಂದೇ ಎಂದಾಗುತ್ತದೆ. ಮನಶ್ಶಾಸ್ತ್ರದ ‘ಡಿವೈಡೆಡ್ ಅಟೆನ್ಶನ್’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಗಮನ ಪಾಲಾಗಿ ಕುಂದಿದ ಸೂಚನೆಯಿದೆ. ಇಲ್ಲಿ ಒಂದೇ ಪದಕ್ಕೆ ಹಟ ಹಿಡಿಯದೆ ಕೆಲಸವನ್ನು ಬಿಡಿಸಿ ಹಂಚುವುದು ಮೇಲು: ಪ್ರತಿ ಪೃಚ್ಛಕನಿಗೂ ‘ಅಟೆಂಟಿವ್’, ಅಪ್ರಸ್ತುತದ ಎದುರು ‘ಅನ್‌ರಫಲ್ಡ್’, ಕೊನೆಯಲ್ಲಿ ಎಲ್ಲ ಪದ್ಯಗಳನ್ನೂ ನೆನಪಿನಿಂದ ಒಪ್ಪಿಸುವ ಧಾರಣೆಗೆ ‘ರಿಟೆಂಟಿವ್’. ‘ಅವಧಾನ’ ಎಂಬುದನ್ನು ಹಾಗೆಯೇ ಉಳಿಸಿ ಮೊದಲ ಬಾರಿ ಬಂದಾಗ ಈ ಮೂರನ್ನು ಒಂದು ವಾಕ್ಯದಲ್ಲಿ ಕೊಟ್ಟರೆ, ಮುಂದಿನ ಪುಟಗಳಲ್ಲಿ ವಿವರಣೆಯ ಅಗತ್ಯ ಬೀಳುವುದಿಲ್ಲ.